ಫ್ರೆಂಚ್ ಕಾಲ್ಚೆಂಡಾಟಗಾರರ ಹೆಸರುಗಳು: ಆಂಗ್ಲ ಉಚ್ಚಾರಣೆಯಲ್ಲಿ ಸಾಧುತ್ವದ ಪ್ರಶ್ನೆ

ಒಂದು ದೇಶದ ಚರಿತ್ರೆಯನ್ನು ತಿಳಿಯಲು ಶಾಸನ, ನಾಣ್ಯ, ದಫ್ತರುಗಳು ಹೇಗೆ ಆಧಾರಗಳೋ ಹಾಗೆಯೇ ವ್ಯಕ್ತಿನಾಮಗಳೂ ಆಧಾರಗಳು. ಸ್ಥಳನಾಮಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ವಿಚಾರ ನಡೆಸಿದ್ದಾರೆ. ಆದರೆ ವ್ಯಕ್ತಿನಾಮಗಳ ಉಚ್ಚಾರಣೆಯನ್ನು ಮಾತ್ರ ಕ್ಷುಲ್ಲಕವಾದುದೆಂದು ಬದಿಗಿಡುವುದೇ ವಾಡಿಕೆಯಾಗಿದೆ. ಹೆಸರೊಂದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ, ಎರಡು ಜನಾಂಗಗಳ ಸಂಬಂಧದ ಇತಿಹಾಸವೇ ಅದರಲ್ಲಿ ಅಡಗಿರುವುದು ತಿಳಿಯುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇಷ್ಟು: ಫ್ರಾನ್ಸ್ ದೇಶದ ಕಾಲ್ಚೆಂಡಾಟಗಾರರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮಾತನಾಡುವವರು ಹೇಗೆ ಉಚ್ಚರಿಸಿದರೆ ಸಾಧು? ವಿದ್ವತ್ಪತ್ರಿಕೆಯಲ್ಲಿ ಕಾಲ್ಚೆಂಡಾಟವೇಕೆಂದು ಕೆಲವರಿಗೆ ತೋರಬಹುದು. ೧೯೯೨ರಲ್ಲಿ ಎರಿಕ್ ಕಾಂತೊನಾ ಇಂಗ್ಲೆಂಡಿಗೆ ಬಂದುದು, ೧೯೯೬ರಲ್ಲಿ ಆರ್ಸೆನ್ ವೆಂಗರ್ ಲಂಡನ್ನಿನ ಆರ್ಸೆನಲ್ ಸಂಘದ ವ್ಯವಸ್ಥಾಪಕರಾದುದು, ೧೯೯೯ರಲ್ಲಿ ತಿಯೆರಿ ಆನ್ರಿ ಅದೇ ಸಂಘವನ್ನು ಸೇರಿದುದು, ಇವುಗಳ ಫಲವಾಗಿ ಫ್ರೆಂಚ್ ಹೆಸರುಗಳು ಆಂಗ್ಲ ಜನಸಾಮಾನ್ಯರ ಬಾಯಲ್ಲಿ ವಾರವಾರವೂ ನಲಿಯತೊಡಗಿದವು. ಹಿಂದೆ ರಾಜದೂತರೂ ಪಂಡಿತರೂ ಮಾತ್ರ ಎದುರಿಸುತ್ತಿದ್ದ ತೊಡಕು ಹೀಗೆ ಸಾರ್ವಜನಿಕವಾಯಿತು. ಉಚ್ಚಾರಣೆಯ ವಿಚಾರಕ್ಕೆ ಇದಕ್ಕಿಂತ ವಿಪುಲವಾದ ಸಾಮಗ್ರಿ ದೊರೆಯುವುದು ಕಷ್ಟ.

೧. ಬರಹಕ್ಕೂ ಉಚ್ಚಾರಕ್ಕೂ ಇರುವ ಅಂತರ

ಫ್ರೆಂಚ್ ಹೆಸರುಗಳಲ್ಲಿ ಪರಭಾಷಿಕರಿಗೆ ಎದುರಾಗುವ ಮೊದಲ ತೊಡಕೆಂದರೆ, ಬರೆದ ಅಕ್ಷರಗಳೆಲ್ಲ ಬಾಯಿಗೆ ಬರುವುದಿಲ್ಲವೆಂಬುದು. ಇದರ ಕಾರಣ ಐತಿಹಾಸಿಕವಾದುದು. ಮಧ್ಯಯುಗದ ಫ್ರೆಂಚರು ಪದಾಂತ್ಯದ ವ್ಯಂಜನಗಳನ್ನು ಉಚ್ಚರಿಸುತ್ತಿದ್ದರು. ಕಾಲಕ್ರಮದಲ್ಲಿ ಅವುಗಳಲ್ಲಿ ಅನೇಕವು ನಾಲಗೆಯಿಂದ ಜಾರಿಹೋಗಿ ಬರಹದಲ್ಲಿ ಮಾತ್ರ ನಿಂತವು. ೧೫೩೯ರಲ್ಲಿ ಒಂದನೆಯ ಫ್ರಾನ್ಸ್ವಾ ದೊರೆಯು ವಿಲೆರ್-ಕೊತ್ರೆ ಎಂಬಲ್ಲಿ ಹೊರಡಿಸಿದ ರಾಜಾಜ್ಞೆಯು ನ್ಯಾಯಾಡಳಿತದ ಬರಹಗಳು ಫ್ರೆಂಚಿನಲ್ಲಿಯೇ ಇರಬೇಕೆಂದೂ, ಪಾದ್ರಿಗಳು ಜ್ಞಾನಸ್ನಾನದ ದಾಖಲೆಗಳನ್ನು ಇಡಬೇಕೆಂದೂ ವಿಧಿಸಿತು. ಹೆಸರು ಕಡತಕ್ಕೆ ಏರಿತೆಂದರೆ ಅದರ ಅಕ್ಷರಗಳು ಗಟ್ಟಿಯಾಗುತ್ತ ಹೋಗುತ್ತವೆ. ಮುಂದೆ ಮಹಾಕ್ರಾಂತಿಯ ಕಾಲದಲ್ಲಿ, ೧೭೯೪ರ ಆಗಸ್ಟ್ ೨೩ರ ಶಾಸನವು, ಜನನದ ದಾಖಲೆಯಲ್ಲಿರುವ ಹೆಸರನ್ನು ಬಿಟ್ಟು ಬೇರೊಂದನ್ನು ಯಾವ ಪ್ರಜೆಯೂ ಧರಿಸಕೂಡದೆಂದು ಕಟ್ಟುಮಾಡಿತು. ಹೀಗೆ ನಾಲಗೆಯು ಮುಂದೆ ಸಾಗಿದರೂ ಲೇಖನಿಯು ಹಿಂದೆಯೇ ಉಳಿಯಿತು.

೧೯೯೮ರಲ್ಲಿ ವಿಶ್ವಕಪ್ಪನ್ನು ಗೆದ್ದ ಫ್ರಾನ್ಸ್ ತಂಡದ ನಾಯಕ ದಿದಿಯೆ ದೆಶಾಂ ಅವರ ಕುಲನಾಮವನ್ನೇ ನೋಡಬಹುದು. ‘ಹೊಲಗಳ’ ಎಂಬ ಅರ್ಥದ ಈ ಹೆಸರನ್ನು ಬರೆಯಲು ಒಂಬತ್ತು ಅಕ್ಷರಗಳು ಬೇಕು. ಆದರೆ ಕೊನೆಯ ಪಿ, ಎಸ್ ಅಕ್ಷರಗಳು ಮೂಕವಾಗಿವೆ, ನಡುವಣ ಎಸ್ ಕೂಡ ಮೂಕವಾಗಿದೆ, ಎಂ ಅಕ್ಷರವು ತನ್ನ ಹಿಂದಿನ ಸ್ವರವನ್ನು ಮೂಗಿನಲ್ಲಿ ನುಡಿಸಿ ತಾನು ಮರೆಯಾಗುತ್ತದೆ. ಕಿವಿಗೆ ಬೀಳುವುದು ‘ದೆಶಾಂ’ ಎಂಬ ಎರಡೇ ಅಕ್ಷರಗಳಷ್ಟು ಧ್ವನಿ. ಅದೇ ತಂಡದ ‘ಪೆಟಿಟ್’ ಎಂದು ತೋರುವ ಹೆಸರು ‘ಪತಿ’ ಎಂಬುದಕ್ಕೆ ಸಮೀಪವಾಗಿ ಕೇಳುತ್ತದೆ. ‘ಚಿಕ್ಕವನು’ ಎಂದು ಅದರ ಅರ್ಥ. ‘ಬಿಳಿಯ’ ಎಂಬ ಅರ್ಥದ ಹೆಸರು ‘ಬ್ಲಾಂ’ ಎಂದಷ್ಟೇ ಆಗುತ್ತದೆ.

ಇದನ್ನು ಕಂಡ ಆಂಗ್ಲ ವಿದ್ಯಾರ್ಥಿಯು ಪದಾಂತ್ಯದ ವ್ಯಂಜನವನ್ನು ಬಿಟ್ಟುಬಿಡುವುದೇ ಫ್ರೆಂಚ್ ಉಚ್ಚಾರಣೆಯೆಂದು ಸುಲಭವಾಗಿ ತೀರ್ಮಾನಿಸುತ್ತಾನೆ. ಇದಕ್ಕೆ ಅಪವಾದವಾಗಿ ಸಿ, ಆರ್, ಎಫ್, ಎಲ್ ಎಂಬ ನಾಲ್ಕು ಅಕ್ಷರಗಳು ಹಲವು ವೇಳೆ ಉಚ್ಚಾರಗೊಳ್ಳುತ್ತವೆಂಬುದನ್ನು ‘ಕೇರ್‌ಫುಲ್’ ಎಂಬ ಪದದ ವ್ಯಂಜನಗಳ ಮೂಲಕ ನೆನಪಿಡುವಂತೆ ಅವನಿಗೆ ಬೋಧಿಸಲಾಗುತ್ತದೆ. ‘ಎತ್ತು’ ಎಂಬ ಅರ್ಥದ ‘ಲಬೆಫ್’ ಎಂಬ ಹೆಸರಿನಲ್ಲಿ ಕೊನೆಯ ಎಫ್ ಕೇಳಿಸುವುದು ಈ ಸೂತ್ರಕ್ಕೆ ಅನುಗುಣವಾಗಿದೆ. ಆದರೆ ಮೇಲೆ ಹೇಳಿದ ‘ಬ್ಲಾಂ’ ಎಂಬುದು ಸಿ ಅಕ್ಷರದಲ್ಲಿ ಮುಗಿದರೂ ಆ ಸಿ ಮೂಕವಾಗಿಯೇ ಇದೆ. ಸೂತ್ರವು ದಾರಿಯನ್ನು ತೋರಬಹುದು, ಮನೆಯನ್ನು ತೋರಲಾರದು.

ಊರುಗಳ ಹೆಸರುಗಳಲ್ಲಿ ಈ ಸ್ವಚ್ಛಂದತೆ ಇನ್ನೂ ಹೆಚ್ಚು. ‘ಮೆಟ್ಜ್’ ಎಂದು ಬರೆಯುವ ಊರನ್ನು ಫ್ರೆಂಚರು ‘ಮೆಸ್’ ಎನ್ನುತ್ತಾರೆ. ‘ಆಕ್ಸೆರ್’ ಎಂದು ಓದಬಹುದಾದ ಊರು ಅವರ ಬಾಯಲ್ಲಿ ‘ಒಸೆರ್’ ಆಗುತ್ತದೆ. ೧೯೫೦ರ ದಶಕದಲ್ಲಿ ಯೂರೋಪಿನಲ್ಲೆಲ್ಲ ಹೆಸರಾದ ‘ರೀಮ್ಸ್’ ಸಂಘದ ಊರಿನ ನಿಜವಾದ ಧ್ವನಿ ‘ರ‍್ಯಾಂಸ್’ ಎಂಬುದಕ್ಕೆ ಹತ್ತಿರವಾದುದು. ಅಲ್ಲಿ ಕೊನೆಯ ಎಸ್ ಸ್ಪಷ್ಟವಾಗಿ ಕೇಳಿಸುತ್ತದೆ.

೨. ಗಡಿನಾಡಿನ ಹೆಸರುಗಳು, ವಲಸೆಯ ಹೆಸರುಗಳು

ಇಷ್ಟರಿಂದಲೇ ವಿಷಯವು ಮುಗಿಯುವಂತಿದ್ದರೆ, ಅದು ವ್ಯಾಕರಣದ ಪಾಠವಾಗುತ್ತಿತ್ತೇ ಹೊರತು ಚರಿತ್ರೆಯದಾಗುತ್ತಿರಲಿಲ್ಲ. ಫ್ರಾನ್ಸಿನ ಪರವಾಗಿ ಆಡಿದವರ ಹೆಸರುಗಳಲ್ಲಿ ಬಹುಭಾಗವು ಮೂಲತಃ ಫ್ರೆಂಚ್ ಹೆಸರುಗಳೇ ಅಲ್ಲ. ಅವುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಆ ದೇಶದ ಗಡಿಗಳು ಎಲ್ಲೆಲ್ಲಿ ಸರಿದಾಡಿದವು, ಅದರ ಗಣಿಗಳಿಗೂ ಕಾರ್ಖಾನೆಗಳಿಗೂ ಎಲ್ಲೆಲ್ಲಿಂದ ಜನರು ಬಂದರು, ಅದರ ಸಾಮ್ರಾಜ್ಯವು ಎಲ್ಲೆಲ್ಲಿ ಹರಡಿತ್ತು ಎಂಬುದರ ನಕ್ಷೆಯೇ ಮೂಡುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಅಪಾರ ಜನನಷ್ಟವನ್ನು ಅನುಭವಿಸಿದ ಫ್ರಾನ್ಸ್, ೧೯೧೯ರ ಸೆಪ್ಟೆಂಬರಿನಲ್ಲಿ ಪೋಲೆಂಡಿನೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡು ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಂಡಿತು. ಉತ್ತರದ ಕಲ್ಲಿದ್ದಲಿನ ಗಣಿಗಳಲ್ಲಿ ಸಹಸ್ರಾರು ಪೋಲಿಷ್ ಕುಟುಂಬಗಳು ನೆಲೆಸಿದವು. ಅಂತಹ ಒಂದು ಕುಟುಂಬದಲ್ಲಿ, ನೋ-ಲೆ-ಮೀನ್ ಎಂಬ ಗಣಿಯೂರಿನಲ್ಲಿ, ೧೯೩೧ರಲ್ಲಿ ಹುಟ್ಟಿದವರು ರೇಮೋಂ ಕೊಪಾಷೆವ್‌ಸ್ಕಿ. ಎಳೆಯ ವಯಸ್ಸಿನಲ್ಲಿಯೇ ಗಣಿಗೆ ಇಳಿದು, ಅಲ್ಲಿಯ ಅಪಘಾತದಲ್ಲಿ ಎಡಗೈಯ ಬೆರಳಿನ ಭಾಗವನ್ನು ಕಳೆದುಕೊಂಡ ಈ ಆಟಗಾರರು ಲೋಕಕ್ಕೆ ಪರಿಚಿತರಾದುದು ‘ಕೊಪಾ’ ಎಂಬ ಎರಡಕ್ಷರದ ಹೆಸರಿನಿಂದ. ೧೯೫೮ರ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಮೂರನೆಯ ಸ್ಥಾನವನ್ನು ಪಡೆದಾಗ, ಒಂದೇ ಪಂದ್ಯಾವಳಿಯಲ್ಲಿ ೧೩ ಗೋಲುಗಳನ್ನು ಹೊಡೆದ ಝ್ಯುಸ್ತ್ ಫೊಂತೆನ್ ಅವರಿಗೆ ಒತ್ತಾಸೆಯಾಗಿ ಆಡಿದವರು ಇವರೇ. ಆ ವರ್ಷ ಯೂರೋಪಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬಲೋಂ ದೋರ್ ಪ್ರಶಸ್ತಿಯೂ ಇವರಿಗೆ ಸಂದಿತು. ಹೆಸರಿನ ಬಾಲವನ್ನು ಕತ್ತರಿಸಿದುದು ಸೌಕರ್ಯಕ್ಕಾಗಿ ಇರಬಹುದು. ಆದರೆ ನೆರೆಯವರ ನಾಲಗೆಗೆ ಅನುಕೂಲವಾಗಲೆಂದು ವಲಸಿಗನು ತನ್ನ ಮನೆತನದ ಹೆಸರನ್ನೇ ಕಿರಿದಾಗಿಸಿಕೊಳ್ಳುವುದು ಚರಿತ್ರಕಾರನು ಗಮನಿಸಬೇಕಾದ ಸಂಗತಿಯೇ ಸರಿ.

ಅರ್ಧ ಶತಮಾನದ ಬಳಿಕ, ೨೦೧೦ರಿಂದ ೨೦೧೯ರವರೆಗೆ ಆರ್ಸೆನಲ್ ಸಂಘಕ್ಕೆ ಆಡಿದ ಲೊರಾಂ ಕೊಸ್ಯೆಲ್ನಿ ಅವರದೂ ಪೋಲಿಷ್ ಮೂಲದ ಹೆಸರೇ. ಪೋಲಿಷ್ ಭಾಷೆಯಲ್ಲಿ ಇದು ‘ಕೊಶ್ಚೆಲ್ನಿ’ ಎಂದು ಕೇಳುತ್ತದೆ, ‘ಚರ್ಚಿಗೆ ಸಂಬಂಧಿಸಿದ’ ಎಂದು ಇದರ ಅರ್ಥ. ಕೊಪಾ ಅವರ ಕಾಲದಂತೆ ಹೆಸರನ್ನು ಕತ್ತರಿಸುವ ಅಗತ್ಯ ಇಲ್ಲಿ ಒದಗಲಿಲ್ಲ. ಹೆಸರು ಪೂರ್ಣವಾಗಿ ಉಳಿದು, ಧ್ವನಿ ಮಾತ್ರ ಫ್ರೆಂಚಾಯಿತು. ಹೀಗಿರಲು, ಪೋಲಿಷ್ ಬಲ್ಲ ಆಂಗ್ಲನೊಬ್ಬನು ಪಾಂಡಿತ್ಯವನ್ನು ಮೆರೆಯಲು ‘ಕೊಶ್ಚೆಲ್ನಿ’ ಎಂದರೆ ಅದು ಸಾಧುವೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಹೆಸರಿನ ಬೇರು ಎಲ್ಲಿದೆಯೆಂಬುದು ಒಂದು ಪ್ರಶ್ನೆ, ಅದನ್ನು ಧರಿಸಿದವನು ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆಂಬುದು ಇನ್ನೊಂದು ಪ್ರಶ್ನೆ.

ಪೂರ್ವದ ಗಡಿಯ ಆಲ್ಸೇಸ್ ಪ್ರಾಂತವು ೧೮೭೧ರಲ್ಲಿ ಜರ್ಮನಿಯ ವಶವಾಗಿ, ಮೊದಲನೆಯ ಮಹಾಯುದ್ಧದ ಅನಂತರ ಫ್ರಾನ್ಸಿಗೆ ಮರಳಿ, ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಕೈಬದಲಾಯಿಸಿತು. ಅಲ್ಲಿಯ ಸ್ಟ್ರಾಸ್‌ಬರ್ಗಿನಲ್ಲಿ ೧೯೪೯ರಲ್ಲಿ ಹುಟ್ಟಿದ ವೆಂಗರ್ ಅವರ ಹೆಸರಿನ ಮೊದಲಕ್ಷರವನ್ನು ಆಂಗ್ಲರು ತುಟಿಯನ್ನು ದುಂಡಾಗಿಸಿ ನುಡಿಯುವ ‘ಡಬ್ಲ್ಯು’ ಎಂದು ಉಚ್ಚರಿಸುವುದು ಸಲ್ಲದು. ಅದು ಜರ್ಮನ್ ಕ್ರಮದಂತೆ ‘ವಿ’ ಅಕ್ಷರದ ಧ್ವನಿ. ಆದರೆ ಆಂತ್ವಾನ್ ಗ್ರಿಯೆಜ್‌ಮನ್ ಎಂಬವರ ಜರ್ಮನ್ ರೂಪದ ಹೆಸರು ಬೇರೆ ದಾರಿಯನ್ನು ಹಿಡಿಯಿತು. ಜರ್ಮನಿಯಲ್ಲಾದರೆ ‘ಗ್ರೀಸ್‌ಮನ್’ ಎಂದು ಎರಡು ಘಟಕಗಳಾಗಬೇಕಾದುದು ಫ್ರೆಂಚಿನಲ್ಲಿ ಮೂರು ಘಟಕಗಳಾಗಿ ಒಡೆಯಿತು. ಆಂಗ್ಲ ವ್ಯಾಖ್ಯಾನಕಾರರ ‘ಗ್ರೀಜ್‌ಮನ್’ ಇವೆರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ.

ನೈಋತ್ಯದ ಬಾಸ್ಕ್ ನಾಡಿನಲ್ಲಿ ಎಕ್ಸ್ ಅಕ್ಷರವು ‘ಶ’ಕಾರದ ಗುರುತು. ಆದುದರಿಂದ ಲಿಜರಜು ಅವರ ಮೊದಲ ಹೆಸರು ‘ಬಿಕ್ಸೆಂಟ್’ ಅಲ್ಲ, ‘ಬಿಶೆಂತೆ’. ಅದು ‘ವಿನ್ಸೆಂಟ್’ ಎಂಬುದರ ಬಾಸ್ಕ್ ರೂಪ. ೧೮೦೩ರ ಶಾಸನವೊಂದು ಫ್ರಾನ್ಸಿನಲ್ಲಿ ಮಕ್ಕಳಿಗೆ ಇಡಬಹುದಾದ ಹೆಸರುಗಳನ್ನು ಸಂತರ ಪಂಚಾಂಗಕ್ಕೂ ಪ್ರಾಚೀನ ಇತಿಹಾಸದ ವ್ಯಕ್ತಿಗಳಿಗೂ ಮಿತಗೊಳಿಸಿತ್ತು. ತಂದೆತಾಯಿಗಳಿಗೆ ಪೂರ್ಣ ಸ್ವಾತಂತ್ರ್ಯ ದೊರೆತುದು ೧೯೯೩ರಲ್ಲಿ. ಇದನ್ನು ನೆನೆದಾಗ, ಪ್ರಾಂತೀಯ ಹೆಸರೊಂದು ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದರ ಅರ್ಥ ಹೊಳೆಯುತ್ತದೆ.

ಸಾಗರದಾಚೆಯ ಹೆಸರುಗಳ ಕಥೆ ಇನ್ನೂ ಗಂಭೀರವಾದುದು. ಫ್ರೆಂಚ್ ವಸಾಹತುಗಳಲ್ಲಿ ೧೮೪೮ರಲ್ಲಿ ಗುಲಾಮಗಿರಿಯು ರದ್ದಾದಾಗ, ಬಿಡುಗಡೆ ಹೊಂದಿದವರಿಗೆ ಕುಲನಾಮಗಳನ್ನು ಕೊಟ್ಟು ಕಡತಗಳಲ್ಲಿ ಬರೆಸಲಾಯಿತು. ಅಲ್ಲಿಯವರೆಗೆ ಅವರಿಗೆ ಕಾನೂನು ಮಾನ್ಯಮಾಡುವ ಕುಲನಾಮವೇ ಇರಲಿಲ್ಲ. ಆ ವಸಾಹತುಗಳಲ್ಲೊಂದಾಗಿದ್ದ ಗ್ವಾದಲೂಪ್ ದ್ವೀಪದಲ್ಲಿ ೧೯೭೨ರಲ್ಲಿ ಹುಟ್ಟಿದ ಲಿಲಿಯಾಂ ತ್ಯುರಮ್ ಅವರ ಕುಲನಾಮದ ಕೊನೆಯ ಎಂ ಅಕ್ಷರವು, ಸಾಮಾನ್ಯ ಫ್ರೆಂಚ್ ನಿಯಮಕ್ಕೆ ಒಳಪಟ್ಟು ಮೂಗಿನಲ್ಲಿ ಅಡಗದೆ, ಪೂರ್ಣವಾಗಿ ಕೇಳಿಸುತ್ತದೆ. ಅಲ್ಜೀರಿಯದ ಕಬೈಲ್ ದಂಪತಿಗಳಿಗೆ ಮಾರ್ಸೇಯಲ್ಲಿ ಜನಿಸಿದ ಜಿದಾನ್, ಡಾಕರಿನಲ್ಲಿ ಜನಿಸಿದ ವಿಯೆರಾ, ತಂದೆಯ ಕಡೆಯಿಂದ ಕ್ಯಾಮರೂನಿನ ಮೂಲವುಳ್ಳ ಎಮ್ಬಪೆ, ಇವರ ಹೆಸರುಗಳೆಲ್ಲ ಫ್ರೆಂಚ್ ಅಕ್ಷರಕ್ರಮದ ಉಡುಪನ್ನು ತೊಟ್ಟ ಬೇರೆ ಬೇರೆ ನಾಡಿನ ಧ್ವನಿಗಳು.

೧೯೯೬ರಲ್ಲಿ ಝಾಂ-ಮಾರಿ ಲ ಪೆನ್ ಎಂಬ ರಾಜಕಾರಣಿಯು, ಹೊರಗಿನಿಂದ ಬಂದ ಆಟಗಾರರನ್ನು ಕೂಡಿಸಿ ಅದನ್ನು ಫ್ರಾನ್ಸ್ ತಂಡವೆನ್ನುವುದು ಕೃತಕವೆಂದು ಆಕ್ಷೇಪಿಸಿದುದುಂಟು. ಆದರೆ ‘ಪೆನ್’ ಎಂಬುದು ‘ತಲೆ’ ಎಂಬ ಅರ್ಥವುಳ್ಳ ಬ್ರೆಟನ್ ಭಾಷೆಯ ಪದ. ಅದರ ಕೊನೆಯ ‘ನ್’ ಫ್ರೆಂಚ್ ನಿಯಮವನ್ನು ಅನುಸರಿಸಿ ಅನುನಾಸಿಕವಾಗುವುದಿಲ್ಲ. ಆಕ್ಷೇಪಿಸಿದವರ ಹೆಸರೇ ಫ್ರೆಂಚ್ ಉಚ್ಚಾರಣೆಯ ಸಾಮಾನ್ಯ ನಿಯಮಕ್ಕೆ ಹೊರಗಾದುದು ಇಲ್ಲಿ ಕಾಣತಕ್ಕ ಸ್ವಾರಸ್ಯ. ಎರಡು ವರ್ಷಗಳ ತರುವಾಯ ಅಂತಹದೇ ತಂಡವು ಬ್ರೆಜಿಲನ್ನು ೩-೦ ಗೋಲುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಿತು.

೩. ಆಂಗ್ಲರ ನಾಲಗೆಯಲ್ಲಿ

ಆಂಗ್ಲರು ಫ್ರೆಂಚ್ ಹೆಸರುಗಳನ್ನು ಬಳಸುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ. ೧೦೬೬ರ ನಾರ್ಮನ್ ವಿಜಯದೊಡನೆ ಫ್ರೆಂಚ್ ನುಡಿಯುವ ಪ್ರಭುಗಳು ಇಂಗ್ಲೆಂಡಿನಲ್ಲಿ ನೆಲೆಸಿದರು. ‘ಚೆಲುವಾದ ಹೊಲ’ ಎಂಬ ಅರ್ಥದ ಅವರ ಒಂದು ಕುಲನಾಮವನ್ನು ಇಂದಿನ ಫ್ರೆಂಚರು ‘ಬೋಶಾಂ’ ಎಂದು ಓದುವರು, ಆಂಗ್ಲರು ಅದೇ ಅಕ್ಷರಗಳನ್ನು ‘ಬೀಚಮ್’ ಎಂದು ಓದುತ್ತಾರೆ. ದೆಶಾಂ ಅವರ ಹೆಸರಿನಲ್ಲಿರುವ ‘ಹೊಲ’ವೇ ಇಲ್ಲಿಯೂ ಇದೆ. ಮೇಲ್ನೋಟಕ್ಕೆ ‘ಬೀಚಮ್’ ಎಂಬುದು ಶುದ್ಧ ಅಪಭ್ರಂಶವೆಂದು ತೋರುತ್ತದೆ. ಆದರೆ ಹಳೆಯ ಫ್ರೆಂಚಿನಲ್ಲಿ ಸಿ-ಎಚ್ ಅಕ್ಷರಗಳ ಧ್ವನಿ ‘ಚ’ಕಾರವೇ ಆಗಿತ್ತು, ಅದು ‘ಶ’ಕಾರವಾದುದು ಆಮೇಲೆ. ಇಂಗ್ಲಿಷಿನ ‘ಚೇಂಬರ್’ ಎಂಬ ಪದದಲ್ಲಿ ಉಳಿದಿರುವುದೂ ಆ ಹಳೆಯ ಧ್ವನಿಯೇ. ಅಂದರೆ ಫ್ರೆಂಚರು ತಾವೇ ಕೈಬಿಟ್ಟ ವ್ಯಂಜನವನ್ನು ಆಂಗ್ಲರು ಒಂಬೈನೂರು ವರ್ಷಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ತಪ್ಪೆಂದು ತೋರುವ ಉಚ್ಚಾರಣೆಯು ಹೀಗೆ ಕೆಲವು ವೇಳೆ ಅಮೂಲ್ಯವಾದ ಸಾಕ್ಷ್ಯವಾಗುತ್ತದೆ.

ಇಂದಿನ ಆಂಗ್ಲ ವ್ಯಾಖ್ಯಾನಕಾರನ ಕಷ್ಟಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಅನುನಾಸಿಕ ಸ್ವರಗಳು. ಇವು ಇಂಗ್ಲಿಷಿನಲ್ಲಿ ಇಲ್ಲದಿರುವುದರಿಂದ ಅವನು ಸ್ವರದ ಮುಂದೆ ಒಂದು ‘ನ್’ಕಾರವನ್ನು ಸೇರಿಸುತ್ತಾನೆ. ಎರಡನೆಯದು, ತುಟಿಗಳನ್ನು ‘ಉ’ಕಾರಕ್ಕೆ ದುಂಡಾಗಿಸಿ ನಾಲಗೆಯಲ್ಲಿ ‘ಇ’ಕಾರವನ್ನು ನುಡಿದಾಗ ಹೊರಡುವ ಫ್ರೆಂಚ್ ಯು. ಮೂರನೆಯದು ಗಂಟಲಿನ ರೇಫ. ನಾಲ್ಕನೆಯದು ಒತ್ತು. ಫ್ರೆಂಚಿನಲ್ಲಿ ಘಟಕಗಳು ಹೆಚ್ಚುಕಡಿಮೆ ಸಮನಾಗಿ ನಡೆದು ಕೊನೆಯದರ ಮೇಲೆ ತುಸು ಭಾರ ಬೀಳುತ್ತದೆ. ಆಂಗ್ಲನಾದರೋ ಕಾಂತೊನಾ ಅವರ ಹೆಸರಿನ ಮೊದಲ ಘಟಕವನ್ನೇ ಬಲವಾಗಿ ಒತ್ತಿ ಉಳಿದುದನ್ನು ನುಂಗುತ್ತಾನೆ.

ಇವೆಲ್ಲವೂ ಅಜ್ಞಾನದಿಂದಾಗಲಿ ಉದಾಸೀನದಿಂದಾಗಲಿ ಬಂದುವಲ್ಲ, ಭಾಷೆಯ ಸ್ವಭಾವದಿಂದ ಬಂದುವು. ನಿಜವಾಗಿ ಎಚ್ಚರ ವಹಿಸಬೇಕಾದುದು ಅರೆಜ್ಞಾನದ ದೋಷದಲ್ಲಿ. ಪದಾಂತ್ಯದ ವ್ಯಂಜನವು ಮೂಕವೆಂದು ಕೇಳಿದವನು ರೊಬೆರ್ ಪಿರೆಸ್ ಅವರನ್ನು ‘ಪಿರೇ’ ಎಂದೂ, ೨೦೧೮ರ ವಿಶ್ವವಿಜೇತ ತಂಡದ ನಾಯಕ ಯುಗೊ ಲೊರಿಸ್ ಅವರನ್ನು ‘ಲೊರೀ’ ಎಂದೂ ಕರೆಯುತ್ತಾನೆ. ಮೊದಲನೆಯವರ ತಂದೆ ಪೋರ್ಚುಗೀಸರು, ಎರಡನೆಯವರ ಹೆಸರು ಕ್ಯಾಟಲನ್ ಮೂಲದ್ದು. ಎರಡರಲ್ಲಿಯೂ ಕೊನೆಯ ಎಸ್ ಸ್ಪಷ್ಟವಾಗಿ ಕೇಳಿಸಲೇಬೇಕು. ಏನೂ ತಿಳಿಯದವನು ಅಕ್ಷರಗಳನ್ನು ಓದಿದ್ದರೆ ಸರಿಯಾಗಿಯೇ ನುಡಿಯುತ್ತಿದ್ದ, ಅರ್ಧ ತಿಳಿದವನು ತಪ್ಪಿದ.

೪. ಸಾಧುತ್ವದ ನಿರ್ಣಯ

ಹಾಗಾದರೆ ಪ್ರಮಾಣ ಯಾವುದು? ಬ್ರಿಟಿಷ್ ಪ್ರಸಾರ ಸಂಸ್ಥೆಯಾದ ಬಿ.ಬಿ.ಸಿ.ಯು ೧೯೨೬ರಲ್ಲಿಯೇ ಕವಿ ರಾಬರ್ಟ್ ಬ್ರಿಜಸ್ ಅವರ ಅಧ್ಯಕ್ಷತೆಯಲ್ಲಿ ಉಚ್ಚಾರಣೆಯ ಸಲಹಾ ಸಮಿತಿಯೊಂದನ್ನು ನೇಮಿಸಿತು. ಧ್ವನಿಶಾಸ್ತ್ರಜ್ಞರಾದ ಆರ್ಥರ್ ಲಾಯ್ಡ್ ಜೇಮ್ಸ್ ಅದರ ಕಾರ್ಯದರ್ಶಿಗಳಾಗಿದ್ದರು. ಮುಂದೆ ಈ ಕಾರ್ಯವು ಪ್ರತ್ಯೇಕ ವಿಭಾಗವಾಗಿ ಬೆಳೆಯಿತು. ಆ ವಿಭಾಗವು ಅನುಸರಿಸಿದ ವಿವೇಕ ನಮಗೆ ಒಪ್ಪತಕ್ಕುದೆಂದು ತೋರುತ್ತದೆ. ಊರುಗಳಿಗೆ ಆಂಗ್ಲ ರೂಪವೊಂದು ಬಳಕೆಯಲ್ಲಿ ಗಟ್ಟಿಯಾಗಿದ್ದರೆ ಅದನ್ನೇ ಬಳಸುವುದು, ವ್ಯಕ್ತಿಗಳ ಹೆಸರನ್ನು ಆ ವ್ಯಕ್ತಿಯು ಬಯಸುವಂತೆ ನುಡಿಯುವುದು. ‘ಪ್ಯಾರಿಸ್’ ಎನ್ನುವ ಆಂಗ್ಲನನ್ನು ಯಾರೂ ತಿದ್ದುವುದಿಲ್ಲ. ಲಂಡನ್ನನ್ನು ‘ಲೋಂದ್ರ್’ ಎನ್ನುವ ಫ್ರೆಂಚನನ್ನೂ ತಿದ್ದಬೇಕಾಗಿಲ್ಲ. ಊರು ಎಲ್ಲರಿಗೂ ಸೇರಿದುದು, ಹೆಸರು ಒಬ್ಬನಿಗೆ ಸೇರಿದುದು.

ಇದರಿಂದ ಮೂರು ನಿಯಮಗಳು ಫಲಿಸುತ್ತವೆ. ಒಂದು, ಹೆಸರನ್ನು ಅಕ್ಷರಗಳಿಂದ ಊಹಿಸದೆ, ಧರಿಸಿದವನ ಬಾಯಿಂದ ತಿಳಿಯಬೇಕು. ಎರಡು, ತಿಳಿದ ಮೇಲೆ ಅದನ್ನು ತನ್ನ ಭಾಷೆಯ ಧ್ವನಿಗಳಲ್ಲಿ ಅತ್ಯಂತ ಸಮೀಪವಾದುವುಗಳಿಂದ ನುಡಿಯಬೇಕು. ಇಂಗ್ಲಿಷ್ ವಾಕ್ಯದ ನಡುವೆ ಹೆಸರೊಂದಕ್ಕಾಗಿ ಗಂಟಲನ್ನು ಫ್ರೆಂಚಾಗಿಸುವುದು ಅನಗತ್ಯ. ಝಿರು ಎಂಬವರನ್ನು ‘ಗಿರೌಡ್’ ಎನ್ನದಿರುವುದು ಅಗತ್ಯ. ಮೂರು, ಮೂಲಭಾಷೆಯ ಹೆಸರಿನಲ್ಲಿ ಧರಿಸಿದವನನ್ನು ತಿದ್ದಹೋಗಬಾರದು. ಕೊಸ್ಯೆಲ್ನಿಯನ್ನು ಪೋಲೆಂಡಿಗೂ ಗ್ರಿಯೆಜ್‌ಮನ್ನನನ್ನು ಜರ್ಮನಿಗೂ ಹಿಂದಿರುಗಿಸುವ ಉಚ್ಚಾರಣೆಯು, ಶುದ್ಧಿಯ ವೇಷದಲ್ಲಿ, ‘ನೀನು ಇಲ್ಲಿಯವನಲ್ಲ’ ಎಂದು ಹೇಳಿದಂತಾಗುತ್ತದೆ.

೫. ಕನ್ನಡದಲ್ಲಿ

ಈ ಹೆಸರುಗಳು ನಮ್ಮ ಪತ್ರಿಕೆಗಳಿಗೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ. ಆದುದರಿಂದ ಆಂಗ್ಲರ ತೊಡಕುಗಳನ್ನು ನಾವು ಅನವಶ್ಯಕವಾಗಿ ಹೊತ್ತುಕೊಳ್ಳುತ್ತೇವೆ. ಫ್ರೆಂಚರ ಟಿ, ಡಿ ಅಕ್ಷರಗಳು ಹಲ್ಲಿಗೆ ನಾಲಗೆ ತಾಗಿ ಹೊರಡುವ ದಂತ್ಯಗಳು. ಅವಕ್ಕೆ ಒಪ್ಪುವ ತಕಾರ ದಕಾರಗಳು ನಮ್ಮಲ್ಲಿವೆ. ಆದರೂ ‘ಪ್ಲಾಟಿನಿ’, ‘ಜಿಡಾನೆ’ ಎಂದು ಬರೆಯುತ್ತೇವೆ. ‘ಪ್ಲಾತಿನಿ’, ‘ಜಿದಾನ್’ ಎಂಬುವು ಮೂಲಕ್ಕೆ ಹೆಚ್ಚು ಹತ್ತಿರ. ಆಂಗ್ಲರು ‘ಏಯ್’ ಎಂದು ಎಳೆಯುವ ಹೆಸರಿನ ಕೊನೆಯ ಸ್ವರಕ್ಕೆ ನಮ್ಮ ಹ್ರಸ್ವ ‘ಎ’ಕಾರವೇ ಸಾಕು. ‘ಎಮ್ಬಪೆ’, ‘ಕಾಂತೆ’ ಎಂದರೆ ಸರಿಹೋಗುತ್ತದೆ. ಮೇಲೆ ಬಂದ ಪತಿಗೆ ಇಲ್ಲೊಬ್ಬ ಕಾಂತೆಯೂ ದೊರೆತಂತಾಯಿತೆಂದು ಕಾವ್ಯರಸಿಕರು ನಗಬಹುದು. ನಮ್ಮ ಲಿಪಿಗೂ ಮಿತಿಗಳುಂಟು. ‘ಆಂರಿ’ ಎಂದು ಬರೆದರೆ, ‘ಸಂರಕ್ಷಣೆ’ಯನ್ನು ಓದುವಂತೆ, ಅದು ‘ಆಮ್ರಿ’ಯಾಗುತ್ತದೆ. ಆದುದರಿಂದ ‘ಆನ್ರಿ’ ಎಂಬ ಹೊಂದಾಣಿಕೆಯೇ ಲೇಸು.

ಪರಭಾಷೆಯ ಹೆಸರನ್ನು ತಮ್ಮದಾಗಿಸಿಕೊಳ್ಳುವ ಪ್ರವೃತ್ತಿ ನಮ್ಮ ನೆಲಕ್ಕೂ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೈದರಾಬಾದಿನ ನಿಜಾಮರ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮೋಂ ಅವರನ್ನು ಹಿಂದೂಗಳು ‘ಮೂಸಾ ರಾಮ್’ ಎಂದೂ ಮುಸಲ್ಮಾನರು ‘ಮೂಸಾ ರಹೀಮ್’ ಎಂದೂ ಕರೆದರು. ಆ ನಗರದ ಮೂಸಾರಾಮ್‌ಬಾಗ್ ಇಂದಿಗೂ ಆ ನೆನಪನ್ನು ಉಳಿಸಿದೆ. ಅದು ಪ್ರೀತಿಯಿಂದ ಆದ ಮಾರ್ಪಾಡು. ಇತ್ತ ನಮ್ಮವರ ಹೆಸರುಗಳು ಹೊರಗೆ ಹೋದಾಗಲೂ ಇದೇ ಗತಿ. ೧೯೯೯ರಲ್ಲಿ ದೆಹಲಿಯ ಟೆಸ್ಟ್ ಪಂದ್ಯದಲ್ಲಿ ಒಂದೇ ಸರದಿಯ ಹತ್ತು ವಿಕೆಟ್ಟುಗಳನ್ನೂ ಪಡೆದ ಅನಿಲ್ ಕುಂಬ್ಳೆ ಅವರ ಹೆಸರಿನ ಳಕಾರವು ಇಂಗ್ಲಿಷಿನಲ್ಲಿ ಲಕಾರವಾಗದೆ ಗತಿಯಿಲ್ಲ. ಅದಕ್ಕಾಗಿ ನಾವು ಆಂಗ್ಲರನ್ನು ದೂಷಿಸುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆದ ಆ ಹೆಸರನ್ನು ಇಂಗ್ಲಿಷಿನ ‘ಹಂಬಲ್’ ಪದದಂತೆ ಓದಿ ‘ಕಂಬಲ್’ ಎಂದರೆ ನಮಗೆ ನೋವಾಗುತ್ತದೆ. ಮೊದಲನೆಯದು ನಾಲಗೆಯ ಮಿತಿ, ಎರಡನೆಯದು ಕೇಳಿ ತಿಳಿಯದ ಅಲಕ್ಷ್ಯ. ಫ್ರೆಂಚ್ ಆಟಗಾರರ ವಿಷಯದಲ್ಲಿಯೂ ಗೆರೆಯನ್ನು ಎಳೆಯಬೇಕಾದುದು ಇಲ್ಲಿಯೇ.

ಭಾರತೀಯರ ಹೆಸರುಗಳನ್ನು ಆಂಗ್ಲ ಗ್ರಂಥಗಳ ಅಕ್ಷರಗಳಿಂದ ಮರಳಿ ಓದುವ ಅಭ್ಯಾಸ ನಮ್ಮ ತರಗತಿಗಳಲ್ಲಿಯೂ ಉಂಟು. ಬೇರೆ ಪ್ರಾಂತಗಳಿಂದ ಬಂದ ವಿದ್ಯಾರ್ಥಿಗಳ ಹೆಸರುಗಳನ್ನು ಹಾಜರಿ ಪುಸ್ತಕದಲ್ಲಿ ಕಂಡಂತೆ ಕೂಗುವ ಅಭ್ಯಾಸವೂ ಉಂಟು. ಹೆಸರನ್ನು ಒಮ್ಮೆ ಕೇಳಿ ತಿಳಿದು, ನಮ್ಮ ನಾಲಗೆಗೆ ಸಾಧ್ಯವಾದಷ್ಟು ನಿಷ್ಠೆಯಿಂದ ನುಡಿಯುವುದಕ್ಕೆ ವಿಶೇಷ ಪಾಂಡಿತ್ಯ ಬೇಕಾಗಿಲ್ಲ. ಅದಕ್ಕೆ ಬೇಕಾದುದು ಎದುರಿನವನ ಇತಿಹಾಸವನ್ನು ಮನ್ನಿಸುವ ಸೌಜನ್ಯ. ಆ ಸೌಜನ್ಯವು ಚರಿತ್ರೆಯ ಅಧ್ಯಯನದ ಮೊದಲ ಮೆಟ್ಟಿಲೆಂದು ನಾವು ಭಾವಿಸುತ್ತೇವೆ.